ಆಡೊ: ಅಂತರಜಾಲದ ಗಾಯಕಿಯ ವೃತ್ತಿಜೀವನ

ಆಡೊ ಜಪಾನಿನ ಗಾಯಕಿ. ಹುಟ್ಟಿದ್ದು ಟೋಕಿಯೊದಲ್ಲಿ, 2002ರ ಅಕ್ಟೋಬರ್ 24ರಂದು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೇರೆಯವರ ಹಾಡುಗಳನ್ನು ಮನೆಯಲ್ಲೇ ಹಾಡಿ, ಮುಖ ತೋರಿಸದೆ, ನಿಕೊನಿಕೊ ಎಂಬ ವಿಡಿಯೊ ತಾಣಕ್ಕೆ ಏರಿಸತೊಡಗಿದ ಈಕೆ 2024ರ ಏಪ್ರಿಲ್ 27 ಮತ್ತು 28ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಹಾಡಿದರು. ಆ ಕ್ರೀಡಾಂಗಣದಲ್ಲಿ ಒಬ್ಬರೇ ಕಾರ್ಯಕ್ರಮ ಕೊಟ್ಟ ಮೊದಲ ಗಾಯಕಿ ಎಂಬ ಹೆಸರೂ ಬಂತು. ನಡುವಿನ ಏಳು ವರ್ಷಗಳ ಕತೆಯನ್ನು ಪತ್ರಿಕೆಗಳು ಬಹುಮಟ್ಟಿಗೆ ಒಂದೇ ಧಾಟಿಯಲ್ಲಿ ಹೇಳುತ್ತ ಬಂದಿವೆ: ಅಂತರಜಾಲದ ಮೂಲೆಯಲ್ಲಿದ್ದ ಹುಡುಗಿ ಅಲ್ಲಿಂದ ಹೊರಬಿದ್ದು ಮುಖ್ಯವಾಹಿನಿ ಸೇರಿದಳು ಎಂದು. ಓದುವುದಕ್ಕೆ ಹಿತವಾದ ಕತೆಯೇನೋ ಹೌದು. ಆದರೆ ಈಕೆಯ ಹಾಡುಗಳನ್ನು ಯಾರು ಬರೆದರು, ಚಿತ್ರ ಯಾರು ಬಿಡಿಸಿದರು, ಯಾವುದು ಯಾವಾಗ ಬಂತು ಎಂಬುದನ್ನು ಒಂದೊಂದಾಗಿ ನೋಡಿದರೆ ಈ ಕತೆ ನಿಲ್ಲುವುದಿಲ್ಲ. ಜಾಲತಾಣದ ಹಾಡುಗಾರರು ಹತ್ತು ಹದಿನೈದು ವರ್ಷ ಬಳಸಿ ಪಳಗಿಸಿದ್ದ ಒಂದು ಕೆಲಸದ ಕ್ರಮವನ್ನು ಆಡೊ ಎಲ್ಲೂ ಬಿಟ್ಟುಕೊಡಲಿಲ್ಲ. ದೊಡ್ಡ ಕಂಪನಿಗಳು, ಚಿತ್ರೋದ್ಯಮ, ಕ್ರೀಡಾಂಗಣಗಳೇ ಆ ಕ್ರಮಕ್ಕೆ ಹೊಂದಿಕೊಂಡವು. ಈಕೆಯ ವೃತ್ತಿಜೀವನದ ಮಹತ್ವ ಇಲ್ಲಿದೆ ಎಂಬುದು ಈ ಲೇಖನದ ವಾದ.

ಆ ಕ್ರಮ ಯಾವುದೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ನಿಕೊನಿಕೊ 2006ರ ಕೊನೆಯಲ್ಲಿ ಶುರುವಾದ ತಾಣ. ನೋಡುಗರು ಬರೆದ ಮಾತುಗಳು ವಿಡಿಯೊದ ಮೇಲೆಯೇ ಬಲದಿಂದ ಎಡಕ್ಕೆ ಹರಿದುಹೋಗುವುದು ಅದರ ವಿಶೇಷ. ಯಾವ ಸಾಲಿನಲ್ಲಿ ಗಾಯಕಿ ಉಸಿರು ಕಟ್ಟಿದಳು, ಎಲ್ಲಿ ಶ್ರುತಿ ಜಾರಿತು ಎಂಬುದು ಆ ಕ್ಷಣದಲ್ಲೇ ಪರದೆಯ ಮೇಲೆ ಬೀಳುತ್ತದೆ. ಮರುವರ್ಷ, 2007ರ ಆಗಸ್ಟ್ 31ರಂದು, ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿ ಹಾತ್ಸುನೆ ಮಿಕು ಎಂಬ ಸಾಫ್ಟ್‌ವೇರನ್ನು ಮಾರಾಟಕ್ಕೆ ಬಿಟ್ಟಿತು. ಯಮಾಹಾ ಸಂಸ್ಥೆಯ ವೊಕಲಾಯ್ಡ್ ತಂತ್ರಜ್ಞಾನದ ಮೇಲೆ ನಿಂತ ಈ ಯಂತ್ರಗಾಯಕಿಗೆ ಸಾಹಿತ್ಯ ಮತ್ತು ಸ್ವರ ಊಡಿಸಿದರೆ ಹಾಡು ಹೊರಬರುತ್ತಿತ್ತು. ಗಾಯಕರ ಪರಿಚಯವಿಲ್ಲದ, ಸ್ಟುಡಿಯೊ ಬಾಡಿಗೆಗೆ ಕಾಸಿಲ್ಲದ ನೂರಾರು ಎಳೆಯ ಸಂಯೋಜಕರು ಮಿಕುವಿನಿಂದ ಹಾಡಿಸಿ ನಿಕೊನಿಕೊಗೆ ಹಾಕಿದರು. ಅದೇ ಹಾಡುಗಳನ್ನು ಮನುಷ್ಯರ ಕೊರಳಲ್ಲಿ ಹಾಡಿ ಏರಿಸುವವರು ಇನ್ನೊಂದು ಪಂಗಡವಾಗಿ ಬೆಳೆದರು. ಇವರನ್ನು ಜಪಾನಿನಲ್ಲಿ ಉತಾಯ್ತೆ ಎನ್ನುತ್ತಾರೆ. 2007ರ ಡಿಸೆಂಬರಿನಲ್ಲಿ ರ್ಯೊ ಎಂಬ ಸಂಯೋಜಕ ಮಿಕುವಿನ ದನಿಯಲ್ಲಿ ಹಾಕಿದ ‘ಮೆಲ್ಟ್’ ಹಾಡನ್ನು ಹಲವರು ಹಾಡಿದ ಮೇಲೆ ಈ ರೂಢಿ ಬೇರೂರಿತು. ಸಂಯೋಜಕರೇ ಅನೇಕ ವೇಳೆ ಕರೋಕೆ ಟ್ರ್ಯಾಕನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು. 2008ರಲ್ಲಿ ಜಾಸ್ರಾಕ್ ಎಂಬ ಹಕ್ಕುಸ್ವಾಮ್ಯ ಸಂಸ್ಥೆಯೊಂದಿಗೆ ತಾಣವು ಒಪ್ಪಂದ ಮಾಡಿಕೊಂಡದ್ದರಿಂದ ಕಾನೂನಿನ ಭಯವೂ ಬಹಳಷ್ಟು ತಗ್ಗಿತು.

ಹೀಗೆ ಒಂದು ಶ್ರಮವಿಭಜನೆ ತಾನಾಗಿ ಮೂಡಿತು. ಹಾಡು ಕಟ್ಟುವವರು ಒಬ್ಬರು, ಹಾಡುವವರು ಇನ್ನೊಬ್ಬರು, ವಿಡಿಯೊಗೆ ಚಿತ್ರ ಬರೆಯುವವರು ಮತ್ತೊಬ್ಬರು, ದನಿಯನ್ನೂ ವಾದ್ಯವನ್ನೂ ಬೆಸೆದು ಹದ ಮಾಡುವವರು ಮಗದೊಬ್ಬರು. ಬಹಳಷ್ಟು ಸಲ ಇವರು ಪರಸ್ಪರ ಮುಖ ಕಂಡವರೇ ಅಲ್ಲ, ನಿಜನಾಮವೂ ತಿಳಿದಿರುವುದಿಲ್ಲ. ಹಾಡು ಯಾರೊಬ್ಬರ ಗುರುತಿನ ಚೀಟಿಯೂ ಆಗಿರಲಿಲ್ಲ; ಒಂದೇ ಹಾಡನ್ನು ಐವತ್ತು ಜನ ಹಾಡಿದರೆ ಐವತ್ತೂ ದನಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಕೇಳುವ ಕೇಳುಗರು ಅಲ್ಲಿದ್ದರು. ಇದರ ಸಂಗೀತದ ಪರಿಣಾಮವೂ ಸಣ್ಣದಲ್ಲ. ಮಿಕುವಿಗೆ ಉಸಿರಾಡುವ ಅಗತ್ಯವಿಲ್ಲ. ಆದ್ದರಿಂದ ವೊಕಲಾಯ್ಡ್ ಸಂಯೋಜಕರು ಮಂದ್ರದಿಂದ ತಾರಕ್ಕೆ ಒಮ್ಮೆಲೇ ನೆಗೆಯುವ, ಬಿಡುವಿಲ್ಲದೆ ಅಕ್ಷರ ಉದುರಿಸುವ ಹಾಡುಗಳನ್ನು ಯಾವ ಅಂಜಿಕೆಯೂ ಇಲ್ಲದೆ ಬರೆದರು. ಕೊಸ್ಮೊ ಎಂಬಾತ ಬರೆದ ‘ಹಾತ್ಸುನೆ ಮಿಕು ನೊ ಶೋಶಿತ್ಸು’ ಹಾಡಿನ ವೇಗ ಮನುಷ್ಯರ ನಾಲಗೆಗೆ ಸವಾಲು ಹಾಕಲೆಂದೇ ಇದ್ದಂತಿದೆ. ಅಂಥ ಹಾಡುಗಳನ್ನು ಹಾಡಿ ಬೆಳೆದ ಮಕ್ಕಳ ಶಾರೀರ ಸಂಗೀತಶಾಲೆಯಲ್ಲಿ ಕಲಿತವರ ಶಾರೀರದಂತೆ ಇರಲು ಸಾಧ್ಯವಿರಲಿಲ್ಲ.

ಆಡೊ ಆ ಮಕ್ಕಳಲ್ಲಿ ಒಬ್ಬರು. ಪ್ರಾಥಮಿಕ ಶಾಲೆಯ ದಿನಗಳಲ್ಲಿ ತಂದೆಯ ಕಂಪ್ಯೂಟರಿನಲ್ಲಿ ವೊಕಲಾಯ್ಡ್ ಹಾಡುಗಳನ್ನು ಕೇಳಿ, ಆಮೇಲೆ ಉತಾಯ್ತೆಗಳನ್ನು ಕಂಡು, ಮುಖ ತೋರಿಸದೆಯೂ ಗಾಯಕಿಯಾಗಬಹುದೆಂದು ಅರಿತವರು. ಕ್ಯೋಗೆನ್ ಎಂಬ ಸಾಂಪ್ರದಾಯಿಕ ಹಾಸ್ಯನಾಟಕದಲ್ಲಿ ಮುಖ್ಯ ಪಾತ್ರಧಾರಿಗೆ ಜೊತೆಯಾಗುವ ಪೋಷಕ ಪಾತ್ರದ ಹೆಸರನ್ನು ತಮಗೆ ಇಟ್ಟುಕೊಂಡರು. 2017ರ ಜನವರಿ 10ರಂದು ‘ಕಿಮಿ ನೊ ತಾಯೊನ್’ ಎಂಬ ವೊಕಲಾಯ್ಡ್ ಹಾಡನ್ನು ಹಾಡಿ ಏರಿಸಿದ್ದು ಮೊದಲ ಹೆಜ್ಜೆ. ಧ್ವನಿಮುದ್ರಣದ ಜಾಗ ಮನೆಯ ಬಟ್ಟೆಯ ಗೂಡು. ತೂಗುಹಾಕಿದ ಬಟ್ಟೆಗಳು ಪ್ರತಿಧ್ವನಿಯನ್ನು ಹೀರುತ್ತವೆ; ಹಾಡುವವರು ಕೂಗಿದರೂ ಪಕ್ಕದ ಕೋಣೆಗೆ ಕೇಳುವುದು ಕಡಿಮೆ. ಜಪಾನಿನ ಇಕ್ಕಟ್ಟಾದ ಮನೆಗಳಲ್ಲಿ ಇದು ಬಡವರ ಸ್ಟುಡಿಯೊ. ವೃತ್ತಿಗಾಯಕಿಯಾದ ಮೇಲೂ ಈಕೆ ಸ್ವಲ್ಪ ಕಾಲ ಅಲ್ಲೇ ಹಾಡಿದರು ಎಂಬುದನ್ನು ಬರಿಯ ಸ್ವಾರಸ್ಯದ ಸಂಗತಿ ಎಂದು ತಳ್ಳಿಹಾಕಬಾರದು. ಧ್ವನಿಮುದ್ರಣ ಮಾಡುವವರು, ನಿರ್ದೇಶಕರು ಯಾರೂ ಎದುರಿಗಿಲ್ಲದ ಕತ್ತಲಲ್ಲಿ ಒಂದು ಸಾಲನ್ನು ಎಷ್ಟು ಸಲ ಬೇಕಾದರೂ ಹಾಡಿ, ಕೆಟ್ಟದ್ದನ್ನು ಅಳಿಸಿ, ಒರಟು ದನಿ, ಕೀರಲು ದನಿ, ಪಿಸುಮಾತು ಎಲ್ಲವನ್ನೂ ನಾಚಿಕೆಯಿಲ್ಲದೆ ಪ್ರಯೋಗಿಸುವ ಅವಕಾಶ ಆ ಗೂಡಿನಲ್ಲಿತ್ತು. ಮೂರು ವರ್ಷಕ್ಕೂ ಮಿಕ್ಕಿದ ಈ ಅಭ್ಯಾಸದ ಕೊನೆಗೆ, 2020ರಲ್ಲಿ, ಜಾನ್-ಯಾಕಿತೊರಿಯ ‘ಶಿಕಾಬಾನೇಜೆ’, ಕುಜಿರಾನ ‘ಕಿನ್‌ಮೊಕುಸೆಯ್’ ಹಾಡುಗಳಿಗೆ ಗಾಯಕಿಯಾಗಿ ಹೆಸರು ಹಾಕಿಸಿಕೊಂಡರು. ಇಬ್ಬರೂ ವೊಕಲಾಯ್ಡ್ ಸಂಯೋಜಕರೇ.

2020ರ ಅಕ್ಟೋಬರ್ 23ರಂದು, ಹದಿನೆಂಟು ತುಂಬುವ ಹಿಂದಿನ ದಿನ, ಯೂನಿವರ್ಸಲ್ ಮ್ಯೂಸಿಕ್ ಮೂಲಕ ‘ಉಸ್ಸೇವಾ’ ಬಿಡುಗಡೆಯಾಯಿತು. ‘ಸುಮ್ನಿರೋ’ ಎಂದು ಗದರುವ ಒರಟು ಜಪಾನಿ ಮಾತದು. ಬರೆದವರು ಸ್ಯುದೊ ಎಂಬ ವೊಕಲಾಯ್ಡ್ ಸಂಯೋಜಕ. ಕಚೇರಿಯ ಮದ್ಯಕೂಟದಲ್ಲಿ ಹಿರಿಯರ ಲೋಟ ಬರಿದಾದರೆ ಕೂಡಲೇ ತುಂಬಬೇಕು, ಕಡ್ಡಿಗೆ ಚುಚ್ಚಿದ ತುಂಡುಗಳನ್ನು ಬಿಡಿಸಿ ಕೊಡಬೇಕು ಎಂಬಂಥ ಶಿಷ್ಟಾಚಾರಗಳ ಮೇಲೆ ಒಳಗೊಳಗೇ ಕುದಿಯುವ ಯುವನೌಕರರ ಸಿಟ್ಟು ಅದರ ವಸ್ತು. ಚರಣದಲ್ಲಿ ಆಡೊ ದನಿಯನ್ನು ಕೆಳಗೆ ಒತ್ತಿ, ವಿಧೇಯ ವಿದ್ಯಾರ್ಥಿ ಪಾಠ ಒಪ್ಪಿಸುವ ಹಾಗೆ ಹಾಡುತ್ತಾರೆ. ಪದದ ಕೊನೆಗಳಲ್ಲಿ ಮಾತ್ರ ಸಣ್ಣ ಗುರುಗುಟ್ಟುವಿಕೆ ಇಣುಕುತ್ತದೆ. ಪಲ್ಲವಿಗೆ ಬರುತ್ತಲೇ ಆ ಗುರುಗು ಪೂರಾ ಬಾಯಿಬಿಡುತ್ತದೆ, ಶೀರ್ಷಿಕೆಯ ಪದವನ್ನು ಮತ್ತೆ ಮತ್ತೆ ಎಸೆಯುವಾಗ ದನಿ ಎದೆಯಿಂದ ಕೃತಕ ತಾರಸ್ಥಾಯಿಗೆ ಚಿಮ್ಮಿ ತಟ್ಟನೆ ಹಿಂದಿರುಗುತ್ತದೆ. ಸಿಟ್ಟು ಸ್ಯುದೊ ಬರೆದದ್ದು. ಅದು ಎರಡು ಮುಖದ ಸಿಟ್ಟು ಎಂದು ಕಿವಿಗೆ ತೋರಿಸಿದ್ದು ಗಾಯಕಿ. ಹಾಡು ಬಿಲ್‌ಬೋರ್ಡ್ ಜಪಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಸ್ಟ್ರೀಮಿಂಗ್‌ನಲ್ಲಿ ಹತ್ತು ಕೋಟಿ ಆಲಿಕೆ ದಾಟಿತು. ಪುಟ್ಟ ಮಕ್ಕಳೂ ಇದನ್ನು ಗುನುಗುತ್ತಿದ್ದಾರಲ್ಲ ಎಂದು ತಾಯ್ತಂದೆಯರು ತಲೆಕೆಡಿಸಿಕೊಂಡ ಚರ್ಚೆ ಟಿವಿಯಲ್ಲೂ ನಡೆಯಿತು. 2021ರ ಜನಪ್ರಿಯ ಹೊಸ ಪದಗಳ ವಾರ್ಷಿಕ ಪ್ರಶಸ್ತಿಯ ಮೊದಲ ಹತ್ತರಲ್ಲಿ ಈ ಪದವೂ ಸೇರಿತು.

ಒಂದು ಹಾಡು ಹೊತ್ತಿಕೊಂಡ ಮೇಲೆ ಕಂಪನಿಗಳು ಮಾಡುವ ಕೆಲಸ ಗೊತ್ತಿರುವುದೇ: ಗಾಯಕಿಯನ್ನು ಹೆಸರಾಂತ ಸಿನಿಮಾ ಸಂಯೋಜಕರಿಗೆ ಒಪ್ಪಿಸಿ ಅಂಚುಗಳನ್ನು ಮಟ್ಟ ಮಾಡುವುದು. ಇಲ್ಲಿ ಹಾಗಾಗಲಿಲ್ಲ. ‘ಗಿರಾ ಗಿರಾ’ ಬರೆದವರು ತೆನಿವೊಹಾ. ‘ಒದೊ’ ಹಾಡಿನ ಸಂಗೀತ ಗಿಗಾ ಮತ್ತು ಟೆಡ್ಡಿಲಾಯ್ಡ್ ಅವರದು, ಸಾಹಿತ್ಯ ಡೆಕೊ-27 ಅವರದು. ಟಿವಿ ಧಾರಾವಾಹಿಯೊಂದರ ಶೀರ್ಷಿಕೆಗೀತೆಯಾಗಿ ಬಂದ ‘ಅಶುರಾ-ಚಾನ್’ ಕೂಡ ನೆರು ಎಂಬ ವೊಕಲಾಯ್ಡ್ ಸಂಯೋಜಕನ ಕೈಚಳಕ. 2022ರ ಜನವರಿ 26ರಂದು ಬಂದ ಮೊದಲ ಆಲ್ಬಮ್ ‘ಕ್ಯೋಗೆನ್’ನ ಹೆಸರುಪಟ್ಟಿ ನಿಕೊನಿಕೊ ಕೇಳುಗರಿಗೆ ಹಳೆಯ ನೆಂಟರ ಪಟ್ಟಿ. ಪ್ರತಿ ಹಾಡಿಗೂ ಬೇರೆ ಸಂಯೋಜಕ, ಬೇರೆ ಚಿತ್ರಕಾರ, ಒಂದೇ ದನಿ: ಉತಾಯ್ತೆಯೊಬ್ಬರ ಜಾಲಪುಟ ಹೇಗಿರುತ್ತಿತ್ತೋ ಆಲ್ಬಮ್ಮೂ ಹಾಗೆಯೇ ಇತ್ತು. ಇದರ ಜೊತೆಗೇ ಯೊವಾಸೊಬಿ ಜೋಡಿಯ ಸಂಯೋಜಕ ಅಯಾಸೆಯಂಥ ವೊಕಲಾಯ್ಡ್ ಮೂಲದವರು ಜಪಾನಿನ ಜನಪ್ರಿಯ ಸಂಗೀತದ ನಡುಮನೆಗೇ ಬಂದಿದ್ದರು. ಆಡೊ ಒಬ್ಬಂಟಿ ಉಲ್ಕೆಯಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ನಡೆದದ್ದು ಜಗತ್ತಿನ ದೊಡ್ಡ ಸಂಗೀತ ಕಂಪನಿಯೊಂದರ ಹಣದಿಂದ. ‘ಒನ್ ಪೀಸ್’ನಂಥ ದೈತ್ಯ ಕಾಮಿಕ್ಸ್ ಸರಣಿಯ ಬೆಂಬಲವಿಲ್ಲದಿದ್ದರೆ ಆಡೊ ಒಂದು ಹಾಡಿನ ಗಾಯಕಿಯಾಗಿಯೇ ಉಳಿಯುತ್ತಿದ್ದರು ಎಂಬುದು ಆ ಆಕ್ಷೇಪ. ಹಣದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. 2022ರ ಆಗಸ್ಟ್ 6ರಂದು ತೆರೆಕಂಡ, ತಾನಿಗುಚಿ ಗೊರೊ ನಿರ್ದೇಶನದ ‘ಒನ್ ಪೀಸ್ ಫಿಲ್ಮ್ ರೆಡ್’ ಜಪಾನಿನಲ್ಲೇ 1900 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಆದರೆ ಆ ಚಿತ್ರ ಆಡೊಗೆ ಕೊಟ್ಟ ಕೆಲಸ ಎಂಥದೆಂದು ನೋಡಬೇಕು. ಕಥಾನಾಯಕಿ ಉತಾ ಗಾಯಕಿ. ಮಾತಿಗೆ ನಜುಕಾ ಕಾವೊರಿಯ ದನಿ, ಹಾಡಿಗೆ ಆಡೊ ದನಿ. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದು ಸಹಜವೆನಿಸಿದರೂ ಜಪಾನಿನ ಆನಿಮೇಷನ್ ಚಿತ್ರಗಳಲ್ಲಿ ಇಷ್ಟು ಢಾಳಾಗಿ ಮಾಡುವುದು ವಾಡಿಕೆಯಲ್ಲ. ಏಳು ಹಾಡುಗಳಿಗೆ ಏಳು ಬೇರೆ ಬೇರೆ ಸಂಯೋಜಕರು ಅಥವಾ ತಂಡಗಳು. ನಕಾತಾ ಯಸುತಕಾ ಅವರ ಮಿರುಗುವ ಎಲೆಕ್ಟ್ರಾನಿಕ್ ಪಾಪ್ ‘ಶಿಂಜಿದಾಯ್’, ಮಿಸೆಸ್ ಗ್ರೀನ್ ಆ್ಯಪಲ್ ತಂಡದ ‘ವತಾಶಿ ವ ಸಾಯ್ಕ್ಯೋ’, ವೌಂಡಿಯ ರಾಕ್ ಶೈಲಿಯ ‘ಗ್ಯಾಕ್ಕೊ’, ಸವಾನೊ ಹಿರೊಯುಕಿಯ ಮಾರಿಪೂಜೆಯಂಥ ‘ಟೊಟ್ ಮ್ಯೂಸಿಕಾ’, ಹತಾ ಮೊತೊಹಿರೊ ಬರೆದ ಮೆಲುಹಾಡು ‘ಕಜೆ ನೊ ಯುಕುವೆ’. ಇವೆಲ್ಲ ಒಂದೇ ಪಾತ್ರದ ಬಾಯಿಂದ ಬಂದಂತೆ ಕೇಳಿಸಬೇಕು. ಯಾರ ಹಾಡನ್ನಾದರೂ ತನ್ನ ದನಿಗೆ ಒಗ್ಗಿಸಿಕೊಳ್ಳುವುದನ್ನೇ ವರ್ಷಗಟ್ಟಲೆ ಮಾಡಿದ ಗಾಯಕಿಗೆ ಹೇಳಿ ಮಾಡಿಸಿದ ಕೆಲಸವದು. ಕತೆಯಲ್ಲೂ ಉತಾ ಲೋಕಪ್ರಸಿದ್ಧಳಾದದ್ದು ಪ್ರಸಾರದ ಮೂಲಕ ದೂರದಿಂದಲೇ ಹಾಡಿ. ಜನರೆದುರು ನಿಂತು ಹಾಡುವ ಅವಳ ಮೊದಲ ಕಾರ್ಯಕ್ರಮವೇ ಚಿತ್ರದ ಆರಂಭ. ಆಡೊ ಮೊದಲ ಬಾರಿಗೆ ವೇದಿಕೆ ಹತ್ತಿದ್ದು ಅದೇ ವರ್ಷದ ಏಪ್ರಿಲ್ 4ರಂದು, ಟೋಕಿಯೊದ ಜೆಪ್ ಡೈವರ್‌ಸಿಟಿಯಲ್ಲಿ. ಚಿತ್ರದ ಮೂರು ಹಾಡುಗಳು ಬಿಲ್‌ಬೋರ್ಡ್ ಜಪಾನ್ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೆ ಹಿಡಿದವು. ‘ಶಿಂಜಿದಾಯ್’ ಆ್ಯಪಲ್ ಮ್ಯೂಸಿಕ್‌ನ ಜಾಗತಿಕ ನೂರರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ಜಪಾನಿ ಹಾಡಾಯಿತು. ಆ ವರ್ಷದ ಕೊನೆಯ ರಾತ್ರಿ ಎನ್‌ಎಚ್‌ಕೆಯ ಕೊಹಾಕು ಎಂಬ ಟಿವಿ ಗಾಯನ ಕಾರ್ಯಕ್ರಮದಲ್ಲಿ ಹಾಡಿದ್ದು ಪಾತ್ರವಾದ ಉತಾ. ಆಡೊ ತಮ್ಮ ಹೆಸರಲ್ಲಿ ಬಂದದ್ದು ಮರುವರ್ಷ, ಕ್ಯೋಟೊದ ಹಿಗಾಶಿ ಹೊಂಗಾಂಜಿ ದೇವಾಲಯದಿಂದ ‘ಶೋ’ ಹಾಡುತ್ತ. ಕಂಪನಿಯ ಹಣ ಹಾಡನ್ನು ದೂರ ಮುಟ್ಟಿಸಿತು ನಿಜ, ಹಾಡಿನ ರೀತಿಯನ್ನು ಅದು ಬದಲಿಸಲಿಲ್ಲ.

ಎರಡನೆಯ ಆಕ್ಷೇಪ ಮುಖದ ವಿಷಯದ್ದು. ವರ್ಷಗಳ ಕಾಲ ಆಡೊ ವೇದಿಕೆಯ ಮೇಲೆ ಕಂಡದ್ದು ನೆರಳಾಗಿ ಮಾತ್ರ: ಹಿಂದಿನಿಂದ ಪ್ರಖರ ಬೆಳಕು, ಪೆಟ್ಟಿಗೆಯಂಥ ಚೌಕಟ್ಟು, ಅದರೊಳಗೆ ಕುಣಿಯುವ ಕಪ್ಪು ಆಕೃತಿ. ಮಿಕ್ಕೆಲ್ಲ ಕಡೆ ನೀಲಿ ಗುಲಾಬಿಯ ಗುರುತಿನ, ಚಿತ್ರಕಾರರು ಬಿಡಿಸಿದ ಹುಡುಗಿ. ಇದು ಕುತೂಹಲ ಕೆರಳಿಸುವ ವ್ಯಾಪಾರತಂತ್ರವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ತಂತ್ರವಾಗಿಯೂ ಅದು ಕೆಲಸಮಾಡಿದೆ ಎಂಬುದು ಸ್ಪಷ್ಟ. ಬಿಡಿಸಿದ ಹುಡುಗಿಯೂ ಒಂದು ಮುಖವೇ, ಮಾರಾಟಕ್ಕಿರುವ ಮುಖವೇ. ದನಿಯೊಂದನ್ನೇ ನಂಬಿ ಗೆದ್ದರು ಎಂಬ ಅಭಿಮಾನಿಗಳ ಮಾತನ್ನು ಅಷ್ಟರಮಟ್ಟಿಗೆ ತಗ್ಗಿಸಿಕೊಳ್ಳಬೇಕು. ಆದರೂ ಕಾಲಕ್ರಮ ಈ ಆಕ್ಷೇಪದ ಪರವಾಗಿಲ್ಲ. ಮಾರಲು ಏನೂ ಇಲ್ಲದಿದ್ದ 2017ರಲ್ಲೇ ಮುಖ ಮರೆಯಲ್ಲಿತ್ತು, ಸುತ್ತಲಿನ ಉತಾಯ್ತೆಗಳಲ್ಲಿ ಬಹುಪಾಲು ಜನರದ್ದೂ ಹಾಗೆಯೇ. ಶಾಲೆಗೆ ಹೋಗುವ ಹುಡುಗಿಗೆ ಅದು ರಕ್ಷಣೆಯೂ ಹೌದು. ಜಪಾನಿನಲ್ಲಿ ಮುಖ ಮರೆಸಿದ ಮೊದಲಿಗರೂ ಈಕೆಯಲ್ಲ. ದಂತವೈದ್ಯರ ತಂಡವಾದ ಗ್ರೀನ್ 2007ರಿಂದಲೇ ಹಾಗೆ ಹಾಡಿತ್ತು. ಹೊಸದೆಂದರೆ ಇಷ್ಟು: ಮುಖವಿಲ್ಲದ ಜಾಗವನ್ನು ಚಿತ್ರಕಾರರು ತುಂಬಿದರು, ‘ಉಸ್ಸೇವಾ’ದ ವಿಡಿಯೊ ಮಾಡಿದ ವೂಮಾನಂಥವರ ಹೆಸರು ಸಂಯೋಜಕರ ಹೆಸರಿನಷ್ಟೇ ದೊಡ್ಡಕ್ಷರದಲ್ಲಿ ಬಂತು. ನಿಕೊನಿಕೊದ ಹಳೆಯ ಮರ್ಯಾದೆ ಅದು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಈಕೆ ಬರೆಯುವವರಲ್ಲ, ಬರೆದದ್ದನ್ನು ಹಾಡುವವರು, ಆದ್ದರಿಂದ ಕಲಾವಿದೆಯಾಗಿ ಎರಡನೆಯ ಸಾಲು. ಇದೇ ಮಾತನ್ನು ಹೇಳುವವರು ಯೊನೆಜು ಕೆನ್‌ಶಿಯನ್ನು ಉದಾಹರಿಸುತ್ತಾರೆ. 2009ರಿಂದ ಹಾಚಿ ಎಂಬ ಹೆಸರಲ್ಲಿ ವೊಕಲಾಯ್ಡ್ ಹಾಡು ಕಟ್ಟುತ್ತಿದ್ದ ಆತ 2012ರಲ್ಲಿ ‘ಡಯೊರಾಮಾ’ ಆಲ್ಬಮ್ಮಿನೊಂದಿಗೆ ಸ್ವಂತ ಹೆಸರು, ಸ್ವಂತ ದನಿಗೆ ಬಂದರು. 2018ರ ‘ಲೆಮನ್’ ಅವರನ್ನು ದೇಶದ ಮನೆಮಾತಾಗಿಸಿತು. ಅಂತರಜಾಲದಿಂದ ಹೊರಬಂದರು ಎಂಬ ವಾಕ್ಯ ಯೊನೆಜುಗೆ ಒಂದಿಷ್ಟು ಒಪ್ಪುತ್ತದೆ. ಆಡೊಗೆ ಅದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ಬರೆದವರೇ ಹಾಡಬೇಕು ಎಂಬ ಅಪೇಕ್ಷೆ ಜಪಾನಿನ ಜನಪ್ರಿಯ ಸಂಗೀತದಲ್ಲಿ ಬಲಗೊಂಡದ್ದು 1970ರ ದಶಕದಲ್ಲಿ. ಅದಕ್ಕೂ ಮುಂಚೆ ಮಿಸೊರಾ ಹಿಬಾರಿಯಂಥ ಮೇರುಗಾಯಕಿಯ ಹಾಡುಗಳನ್ನು ಬರೆದವರು ವೃತ್ತಿಪರ ಕವಿಗಳು, ಸಂಯೋಜಕರು. ಯಾರೂ ಆಕೆಯನ್ನು ಎರಡನೆಯ ಸಾಲಿನಲ್ಲಿ ಕೂರಿಸಲಿಲ್ಲ. ಆಮೇಲೂ ನಕಾಮೊರಿ ಅಕಿನಾ 1984ರಲ್ಲಿ ಇನೊಯುವೆ ಯೋಸುಯಿ ಬರೆದ ಹಾಡನ್ನು ತನ್ನದಾಗಿಸಿಕೊಂಡಳು. ಆಡೊ ಅದೇ ಹಾಡನ್ನು 2023ರ ಡಿಸೆಂಬರಿನ ಮರುಗಾಯನದ ಆಲ್ಬಮ್ಮಿನಲ್ಲಿ ವೊಕಲಾಯ್ಡ್ ಹಾಡುಗಳ ಪಕ್ಕದಲ್ಲಿಟ್ಟದ್ದು ಆಕಸ್ಮಿಕವಿರಲಾರದು. ಕ್ರೀಡಾಂಗಣ ತುಂಬಿಸುವ ಹಂತಕ್ಕೆ ಬಂದ ಗಾಯಕಿ ಪರರ ಹಾಡುಗಳದ್ದೇ ಒಂದು ಆಲ್ಬಮ್ ತರುವುದು, ಅದಕ್ಕೆ ‘ಹಾಡಿ ನೋಡಿದೆ’ ಎಂಬ ನಿಕೊನಿಕೊ ಕಾಲದ ಹೆಸರನ್ನೇ ಇಡುವುದು, ತಾನು ಯಾವ ಮನೆತನದವಳು ಎಂದು ಬಹಿರಂಗವಾಗಿ ಹೇಳಿದಂತೆ. ಶೀನಾ ರಿಂಗೊ, ಬಿಜ್ ಜೋಡಿಯಂಥ ಹಿರಿಯರು ಈಕೆಗಾಗಿ ಹಾಡು ಬರೆದರು. 2024ರ ಜುಲೈನಲ್ಲಿ ಬಂದ ‘ಜಾನ್ಮು’ ಆಲ್ಬಮ್ಮಿನಲ್ಲಿ ‘ಶೋಕಾ’ ಎಂಬ ಹಾಡಿನ ಸಾಹಿತ್ಯ, ಸಂಗೀತ ಎರಡೂ ಆಡೊ ಅವರದೇ. ಹಾಡು ಚೆನ್ನಾಗಿದೆ. ಆದರೆ ಅದು ಈಕೆಯ ಶ್ರೇಷ್ಠ ಹಾಡಲ್ಲ. ಅದೇ ಆಲ್ಬಮ್ಮಿನಲ್ಲಿ ಮಾಫುಮಾಫು ಬರೆದ, ಹಾತ್ಸುನೆ ಮಿಕು ಜೊತೆಗೂಡಿ ಹಾಡಿದ ಗೀತೆಯಲ್ಲಿ ಯಂತ್ರದ ದನಿಗೆ ಜೊತೆ ಕೊಡುವಾಗ ಕಾಣುವ ಹದ ಅಲ್ಲಿಲ್ಲ.

ಈ ಕ್ರಮಕ್ಕೆ ಬೆಲೆಯೂ ಇದೆ. ಒಬ್ಬ ಆಡೊ ಹಿಂದೆ ಸಾವಿರಾರು ಉತಾಯ್ತೆಗಳು ಯಾವ ಆದಾಯವೂ ಇಲ್ಲದೆ ಹಾಡಿ ಮರೆಯಾಗಿದ್ದಾರೆ. ದನಿ ಹದ ಮಾಡುವವರ, ಚಿತ್ರ ಬರೆಯುವವರ ದುಡಿಮೆ ಬಹುಕಾಲ ಸ್ನೇಹದ ಲೆಕ್ಕದಲ್ಲೇ ನಡೆದಿದೆ. ಕಂಪನಿಗಳು ಸಿದ್ಧ ಪ್ರತಿಭೆಯನ್ನು ತರಬೇತಿಯ ಖರ್ಚಿಲ್ಲದೆ ಪಡೆದುಕೊಂಡವು ಎಂದು ಯಾರಾದರೂ ಹೇಳಿದರೆ ಅದಕ್ಕೆ ಎದುರಾಡುವುದು ಕಷ್ಟ. ಹೊರದೇಶಗಳ ಮಟ್ಟಿಗೆ ಹೇಳುವುದಾದರೆ, 2022ರಲ್ಲಿ ಅಮೆರಿಕದ ಗೆಫೆನ್ ರೆಕಾರ್ಡ್ಸ್ ಜೊತೆ ಕೈಜೋಡಿಸಿದ ಆಡೊ 2024ರಲ್ಲಿ ಏಷ್ಯಾ, ಯುರೋಪ್, ಅಮೆರಿಕಗಳಲ್ಲಿ ‘ವಿಶ್’ ಪ್ರವಾಸ ಮಾಡಿದರು. 2025ರ ‘ಹಿಬಾನಾ’ ಪ್ರವಾಸಕ್ಕೆ 33 ನಗರಗಳು ಗೊತ್ತಾದವು. ಹಾಡುಗಳ ಭಾಷೆ ಜಪಾನಿಯಾಗಿಯೇ ಉಳಿಯಿತು. ಇಂಗ್ಲಿಷಿಗೆ ಹೊರಳದೆ ಹೊರಗೆ ಗೆಲ್ಲಲಾಗದು ಎಂಬ ಜಪಾನಿ ಸಂಗೀತೋದ್ಯಮದ ಹಳೆಯ ನಂಬಿಕೆಗೆ ಈ ಪ್ರವಾಸಗಳು ದೊಡ್ಡ ಪೆಟ್ಟು.

ಆಡೊ ಹಾಡುಗಳಿಗೆ ಹೊಸಬರಾದವರು ಸಾಮಾನ್ಯವಾಗಿ ‘ಉಸ್ಸೇವಾ’ ಅಥವಾ ‘ಶಿಂಜಿದಾಯ್’ನಿಂದ ತೊಡಗುತ್ತಾರೆ. ಅದಕ್ಕಿಂತ ಉತ್ತಮ ದಾರಿ ಕಿಕುವೊ 2013ರಲ್ಲಿ ಮಿಕುವಿನಿಂದ ಹಾಡಿಸಿದ ‘ಆಯ್ಶಿತೆ ಆಯ್ಶಿತೆ ಆಯ್ಶಿತೆ’ಯನ್ನು ಮೊದಲು ಕೇಳಿ, ಆಮೇಲೆ ಅದೇ ಹಾಡನ್ನು 2023ರ ಮರುಗಾಯನದ ಆಲ್ಬಮ್ಮಿನಲ್ಲಿ ಆಡೊ ದನಿಯಲ್ಲಿ ಕೇಳುವುದು. ನಿಕೊನಿಕೊ ಕೇಳುಗರು ಹಾಡುಗಾರರನ್ನು ತೂಗಿ ನೋಡುತ್ತಿದ್ದದ್ದು ಹಾಗೆಯೇ.